ಕೈ ಇಟ್ಟರೆ ನಿಲ್ಲುವ ಸದ್ದು

ಕಾಪು
21 ಫೆಬ್ರವರಿ 1999

ಪ್ರೀತಿಯ ಲೀಲಾಧರ,

ನಿನ್ನ ಕ್ರಿಸ್ಮಸ್ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಅದೂ ಈಸ್ಟರಿಗೆ ಮುಂಚಿನ ನಮ್ಮ ತಪಸ್ಸಿನ ಕಾಲ ಶುರುವಾದ ಮೇಲೆ. ಬೈಯಬೇಡ. ಮಣಿಪಾಲದ ಪ್ರೆಸ್ಸಿನಲ್ಲಿ ದಿನವಿಡೀ ಬೇರೆಯವರ ವಾಕ್ಯಗಳ ತಪ್ಪು ಹುಡುಕಿ ಸಂಜೆ ಬಸ್ಸಿಳಿದು ಮನೆಗೆ ಬಂದರೆ, ನನ್ನದೇ ಒಂದು ವಾಕ್ಯ ಬರೆಯಲು ಧೈರ್ಯವಾಗುವುದಿಲ್ಲ. ಮಸ್ಕತ್‌ನಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಅಲ್ಲಿ ಈಗ ಚಳಿ ಉಂಟೋ ಎಂದು ಇಮೆಲ್ಡಾ ಅಡುಗೆಮನೆಯಿಂದ ಕೇಳುತ್ತಾಳೆ. ಇಲ್ಲಂತೂ ಇಲ್ಲ. ಫೆಬ್ರವರಿಯಲ್ಲೇ ಬೆವರು ಒರೆಸಿಕೊಳ್ಳುತ್ತಾ ಬರೆಯುತ್ತಿದ್ದೇನೆ.

ಇಮೆಲ್ಡಾಳ ಮಂಡಿನೋವು ಪರವಾಗಿಲ್ಲ. ದೂಮಪ್ಪಣ್ಣ ಇನ್ನೂ ಅದೇ ಅಂಗಡಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡಿಕೊಂಡು, ಬಂದವರನ್ನೆಲ್ಲ ತಮಾಷೆ ಮಾಡಿಕೊಂಡು ಇದ್ದಾರೆ. ನೀನು ಯಾವಾಗ ಬರುತ್ತೀ ಎಂದು ಕೇಳಿದರು. "ಆ ಡ್ರಮ್ಮಿನವ ಬಂದರೆ ನನ್ನ ಅಂಗಡಿಯ ಗಾಜು ಉಳಿಯುದಿಲ್ಲ. ಆದರೂ ಬರಲಿ" ಎಂದರು.

ಈ ಕಾಗದ ನಮ್ಮ ಸೋನಿಯಾಳ ವಿಷಯಕ್ಕಾಗಿ. ನೀನು ಮೊದಲ ಸಲ ರಜೆಯಲ್ಲಿ ಬಂದಾಗ ತಂದುಕೊಟ್ಟ ಕೆಂಪು ಗಿಟಾರನ್ನು ಅವಳು ಕಪಾಟಿನ ಮೇಲಿನಿಂದ ಇಳಿಸಿ ತನ್ನದು ಮಾಡಿಕೊಂಡಿದ್ದಾಳೆ. ಇಗರ್ಜಿಯ ಕೋಯರ್‌ನಲ್ಲಿ ಬಾರಿಸುವ ಮರದ ಗಿಟಾರ್ ಈಗ ಅವಳಿಗೆ ಸಾಕಾಗುವುದಿಲ್ಲ. ಕಾಲೇಜಿನ ಗೆಳತಿಯರು ಕೊಟ್ಟ ಕ್ಯಾಸೆಟ್‌ಗಳಿಂದ ಬ್ಲೂಸ್ ಕೇಳಿ, ರಾಕ್ ಕೇಳಿ, ರಿವೈಂಡ್ ಮಾಡಿ ಮಾಡಿ ಕಲಿತಿದ್ದಾಳೆ. ಚೆನ್ನಾಗಿ ಬಾರಿಸುತ್ತಾಳೆ ಲೀಲಾಧರ. ಅವಳ ತಂದೆ ಎಂದು ಹೇಳುವುದಲ್ಲ. ನಾನು ಆ ವಯಸ್ಸಿನಲ್ಲಿ ಒಂದು ತಂತಿಯನ್ನು ಮೇಲಕ್ಕೆ ಎಳೆದರೆ ಸ್ವರ ಎಲ್ಲಿ ನಿಲ್ಲುತ್ತದೆಂದು ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿರುತ್ತದೆ.

ಈಸ್ಟರ್ ಕಳೆದ ಮೇಲೆ, ಏಪ್ರಿಲ್ ಇಪ್ಪತ್ತಕ್ಕೆ, ಕಾರ್ಕಳದಲ್ಲಿ ಇಮೆಲ್ಡಾಳ ಅಕ್ಕನ ಮಗನ ರೋಸ್. ಮದುವೆಯ ಮುನ್ನಾದಿನ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಆ ಸಂಜೆ ಅಂಗಳದಲ್ಲಿ ಸ್ಟೇಜ್ ಕಟ್ಟುತ್ತಾರೆ. ಸೋನಿಯಾ ಮತ್ತು ಗೆಳತಿಯರು ಹಾಡಬೇಕಂತೆ. ಕೆಂಪು ಗಿಟಾರನ್ನು ಸದ್ದು ಏರಿಸುವ ಆಂಪಿಗೆ ಹಾಕಿ, ಮೈಕಿನ ಎದುರು ನಿಂತು. ಎಲ್ಲರೂ ಒಪ್ಪಿದ್ದಾರೆ. ನಾನೂ ಒಪ್ಪಿದ್ದೇನೆ. ಅಂದಿನಿಂದ ನನಗೆ ಊಟ ಸೇರುವುದಿಲ್ಲ.

ನಮ್ಮ ಬ್ಯಾಂಡಿನ ದಿನಗಳ, ಉದ್ಯಾವರದ ಆ ರೋಸ್‌ನ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ಬೇರೆಯವರ ಎದುರು ನೀನು ಅದನ್ನು ನಗೆಯಲ್ಲಿ ಹಾರಿಸಿಬಿಡುತ್ತಿದ್ದೆ. ಅಂಗಳ ಮಳೆಗೆ ಒದ್ದೆಯಾಗಿತ್ತು. ಎಡಗೈ ತಂತಿಗಳ ಮೇಲಿತ್ತು. ಹಾಡಲು ಬಾಗಿದಾಗ ತುಟಿ ಮೈಕಿಗೆ ತಾಗಿತು, ಕರೆಂಟ್ ಹಿಡಿಯಿತು. ಬಿಡಬೇಕೆಂದು ನನಗೆ ಗೊತ್ತಿತ್ತು, ಕೈ ಕೇಳಲಿಲ್ಲ. ತಂತಿಗಳನ್ನು ಅದು ಇನ್ನೂ ಬಿಗಿಯಾಗಿ ಹಿಡಿಯಿತು. ನಾನು ಕುಣಿಯುತ್ತಿದ್ದೇನೆ ಎಂದುಕೊಂಡು ಎದುರಿನಿಂದ ಯಾರೋ ಸಿಳ್ಳೆ ಹಾಕಿದರು. ಆ ಸಿಳ್ಳೆ ನನಗೆ ಪೂರ್ತಿ ಕೇಳಿಸಿತು. ನೀನು ಡ್ರಮ್ಮಿನ ಮೇಲಿಂದ ಹಾರಿ ಬಂದು ವಯರನ್ನು ಕಿತ್ತೆ. ನಿನ್ನ ಅಂಗೈ ಸುಟ್ಟಿತ್ತು. ನಾನು ಬ್ಯಾಂಡ್ ಬಿಟ್ಟಾಗ ಪ್ರೆಸ್ಸಿನಲ್ಲಿ ಶಿಫ್ಟ್ ಬದಲಾಯಿತು ಎಂದು ಹೇಳಿದೆ. ನೀನು ನಂಬಿದ ಹಾಗೆ ಮಾಡಿದೆ.

ಈಗ ಕೆಲಸದ ಮಾತು. ಉಪ್ಪುಗಾಳಿಗೆ ಕೆಂಪು ಗಿಟಾರಿನ ಪಿಕಪ್‌ಗಳು ಹಾಳಾಗಿವೆ. ತಂತಿಗಳ ಕೆಳಗಿನ ಆ ಮೂರು ಪಟ್ಟಿಗಳಲ್ಲಿ ಒಂದು ಸತ್ತೇ ಹೋಗಿದೆ, ಇನ್ನೊಂದು ಬೇಕಾದಾಗ ಮಾತ್ರ ಮಾತಾಡುತ್ತದೆ. ಹೊಸದು ಹಾಕಲೇಬೇಕು. ಸೋನಿಯಾ ಮಣಿಪಾಲದ ಸೈಬರ್ ಸೆಂಟರಿನಿಂದ ಪುಟಗಟ್ಟಲೆ ಪ್ರಿಂಟ್ ಮಾಡಿಸಿ ತಂದಳು. ನಾನು ಅದನ್ನು ಪ್ರೂಫ್ ಓದಿದ ಹಾಗೆ ಓದಿದೆ.

ಪಿಕಪ್ ಎಂದರೆ ಅಯಸ್ಕಾಂತಕ್ಕೆ ಕೂದಲಿಗಿಂತ ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು, ಅಷ್ಟೇ. ಒಂದೇ ಸುರುಳಿಯದ್ದು ಸಿಂಗಲ್ ಕಾಯಿಲ್: ಸ್ವರ ನೀರಿನ ಹಾಗೆ ತಿಳಿ, ಆದರೆ ಹಿಂದೆ ಗುಂಯ್ ಎಂಬ ಸದ್ದು ಇದ್ದೇ ಇರುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿದರೆ ಹಂಬಕರ್: ಗುಂಯ್ ಹೋಗುತ್ತದೆ, ಸ್ವರ ದಪ್ಪವಾಗುತ್ತದೆ. ಸೋನಿಯಾಳಿಗೆ ಕುತ್ತಿಗೆಯ ಕಡೆ ಬ್ಲೂಸಿಗೆ ಸಿಂಗಲ್ ಕಾಯಿಲ್ ಬೇಕು, ತಂತಿಗಳ ಬುಡದ ಬ್ರಿಡ್ಜಿನ ಕಡೆ ರಾಕಿಗೆ ಅದೇ ಅಳತೆಯ ಸಣ್ಣ ಹಂಬಕರ್ ಬೇಕು. ಅವಳ ಆಯ್ಕೆ ತಪ್ಪಲ್ಲ. ಆದರೆ ಈ ಎರಡಕ್ಕೂ ತಂತಿಗಳನ್ನು ಒಂದು ವಯರಿನಿಂದ ಆಂಪಿನ ಅರ್ತಿಂಗಿಗೆ ಕಟ್ಟಬೇಕಾಗುತ್ತದೆ. ಬಾರಿಸುವವರ ಕೈ ತಂತಿಗೆ ತಾಗಿದರೆ ಸದ್ದು ತಗ್ಗುವುದು ಅದರಿಂದಲೇ. ಉದ್ಯಾವರದಲ್ಲಿ ನನ್ನ ಎಡಗೈಯನ್ನು ಆಂಪಿಗೆ ಕಟ್ಟಿಹಾಕಿದ್ದೂ ಅದೇ ವಯರ್.

ಮೂರನೆಯ ಜಾತಿ ಒಂದು ಉಂಟು. ಆಕ್ಟಿವ್ ಪಿಕಪ್. ಗಿಟಾರಿನ ಹೊಟ್ಟೆಯಲ್ಲೇ ಒಂದು ಸಣ್ಣ ಬ್ಯಾಟರಿ ಇಟ್ಟು ನಡೆಸುವುದು. ಅದರಲ್ಲಿ ಗುಂಯ್ ಇಲ್ಲ, ಮತ್ತು ತಂತಿಗಳಿಗೆ ಅರ್ತಿಂಗ್ ವಯರ್ ಬೇಡ. ಕತ್ತರಿಸಿಬಿಡಬಹುದು. ಅಂದರೆ ಮಗಳ ಕೈಗೂ ಆಂಪಿಗೂ ಸಂಬಂಧವೇ ಇರುವುದಿಲ್ಲ. ಇದನ್ನು ಓದಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಅಲ್ಲಿಯ ಸಂಗೀತದ ಅಂಗಡಿಯಲ್ಲಿ ಆ ಆಕ್ಟಿವ್ ಸೆಟ್ ಸಿಗುತ್ತದೆಯೋ ನೋಡು. ಮೊದಲ ತಂತಿಯಿಂದ ಆರನೆಯದಕ್ಕೆ ಐವತ್ತೆರಡು ಮಿಲಿಮೀಟರ್. ಪ್ರೆಸ್ಸಿನ ಉಕ್ಕಿನ ಸ್ಕೇಲಿನಲ್ಲಿ ಅಳೆದಿದ್ದೇನೆ. ಶಿರ್ವದ ಅಲೋಶಿಯಸ್ ಮಾರ್ಚಿನಲ್ಲಿ ರಜೆಯಲ್ಲಿ ಬರುತ್ತಾನಂತೆ, ಅವನ ಕೈಯಲ್ಲಿ ಕಳುಹಿಸು.

ದೂಮಪ್ಪಣ್ಣನಿಗೆ ಇದನ್ನು ಹೇಳಿದೆ. ನಾನು ಅಂಗಿಯ ಕಿಸೆಯಲ್ಲಿ ಯಾವಾಗಲೂ ಟೆಸ್ಟರ್ ಇಟ್ಟುಕೊಂಡಿರುವುದು, ಇಗರ್ಜಿಯ ಮೈಕಿಗೂ ತಾಗಿಸಿ ನೋಡುವುದು ಅವರಿಗೆ ಗೊತ್ತು. "ಪೊರ್ಬುಗಳೇ, ನಿಮ್ಮನ್ನು ಕೊಲ್ಲಲಿಕ್ಕೆ ಕರೆಂಟ್ ಎಂತಕ್ಕೆ? ಈ ಹೆದರಿಕೆಯೇ ಸಾಕಲ್ವಾ" ಎಂದರು. ನಗೆ ಬರಲಿಲ್ಲ.

ನಿನ್ನ ಮನೆಯವರಿಗೆ ನಮ್ಮೆಲ್ಲರ ನೆನಪುಗಳು.

ನಿನ್ನ
ಸಿಲ್ವೆಸ್ಟರ್

ತಾ.ಕ. ಸೋನಿಯಾ ತಾನೂ ಒಂದು ಕಾಗದ ಬರೆದು ಇದೇ ಲಕೋಟೆಗೆ ಹಾಕಿದ್ದಾಳೆ. ನಾನು ಓದಬಾರದಂತೆ. ಅದರಲ್ಲಿ ಎಂತ ಉಂಟೆಂದು ನನಗೆ ಅಂದಾಜು ಉಂಟು. ನೀನು ನನ್ನ ಮಾತನ್ನೇ ಕೇಳು ಮಾರಾಯ.

&nbsp;

ಕಾಪು
28 ಮಾರ್ಚ್ 1999, ಗರಿಗಳ ಭಾನುವಾರ

ಪ್ರೀತಿಯ ಲೀಲಾಧರ,

ಅಲೋಶಿಯಸ್ ಮನೆಗೆ ಬಂದು ಹಾಲಿನ ಪುಡಿಯ ಡಬ್ಬಿ ಕೊಟ್ಟು ಹೋದ. ಹಾಲಿನ ಪುಡಿಗೆ ಇಮೆಲ್ಡಾ ಥ್ಯಾಂಕ್ಸ್ ಹೇಳಿದ್ದಾಳೆ. ಪುಡಿಯೊಳಗೆ ಪ್ಲಾಸ್ಟಿಕ್ ಸುತ್ತಿ ಹೂತಿಟ್ಟ ಪೆಟ್ಟಿಗೆಗಳನ್ನು ತೆಗೆದಾಗ ಒಂದಲ್ಲ, ಎರಡು ಸೆಟ್ ಇತ್ತು. ಒಂದು ನಾನು ಕೇಳಿದ್ದು, ಇನ್ನೊಂದು ಸೋನಿಯಾ ತನ್ನ ಕಾಗದದಲ್ಲಿ ಕೇಳಿದ್ದು. ಯಾರ ಮಾತನ್ನೂ ತೆಗೆದುಹಾಕದ ನಿನ್ನ ಹಳೆಯ ಬುದ್ಧಿ. ಬ್ಯಾಂಡಿನಲ್ಲಿ ಯಾವ ಹಾಡು ಮೊದಲು ಎಂದು ಜಗಳವಾದಾಗಲೂ ನೀನು ಹೀಗೆಯೇ ಎರಡಕ್ಕೂ ತಾಳ ಹಾಕುತ್ತಿದ್ದೆ. ಸೋನಿಯಾ ಡಬ್ಬಿ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನೋಡಿ ನಿನ್ನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ.

ಇವತ್ತು ಪೂಜೆ ಮುಗಿಸಿ, ತೆಂಗಿನ ಗರಿಯ ಶಿಲುಬೆ ಇನ್ನೂ ಕೈಯಲ್ಲಿರುವಾಗಲೇ, ನಾವಿಬ್ಬರೂ ಗಿಟಾರ್ ಹೊತ್ತುಕೊಂಡು ದೂಮಪ್ಪಣ್ಣನ ಅಂಗಡಿಗೆ ಹೋದೆವು. ಭಾನುವಾರ ಅಂಗಡಿ ರಜೆ. ನಮಗಾಗಿ ಶಟರ್ ಅರ್ಧ ಎತ್ತಿದ್ದರು.

"ಎರಡನ್ನೂ ಹಾಕಿ ನೋಡುವ. ಮದುವೆಗೆ ಸೀರೆ ತೆಗೆಯುವಾಗ ಒಂದೇ ಬಿಡಿಸುತ್ತಾರಾ?" ಎಂದು ಹೇಳಿ ಬೆಸುಗೆಯ ಕಡ್ಡಿ ಕಾಯಲು ಇಟ್ಟರು.

ಮೊದಲು ಅವಳ ಸೆಟ್. ನಾನು ಬಾಗಿಲಿನ ಹೊರಗೆ, ಮರದ ಹಲಗೆಯ ಮೇಲೆ ನಿಂತೆ. ಆಂಪ್ ಹಾಕಿದ ಕೂಡಲೇ ಆ ಸದ್ದು ಬಂತು, ಗುಂಯ್ ಎಂದು. ಸೋನಿಯಾ ತಂತಿಗಳ ಮೇಲೆ ಅಂಗೈ ಇಟ್ಟಳು. ಸದ್ದು ನಿಂತಿತು.

"ನೋಡಿ ಪೊರ್ಬುಗಳೇ, ಮಗಳು ಕೈ ಇಟ್ಟದ್ದೇ ಸುಮ್ಮನಾಯಿತು. ತೊಟ್ಟಿಲಿನ ಮಗುವಿನ ಹಾಗೆ."

ದೂಮಪ್ಪಣ್ಣನಿಗೆ ಅದು ಮಗುವಿನ ಹಾಗೆ ಕೇಳಿಸಿತು. ನನಗೆ ಕಂಡದ್ದು ಬೇರೆ. ಅವಳ ಮೈ ಆ ದಾರಿಯಲ್ಲಿ ಉಂಟು ಎನ್ನುವುದಕ್ಕೆ ಅದೇ ಸಾಕ್ಷಿಯಲ್ಲವೇ? ಅವಳು ಮುಟ್ಟಿದಾಗ ಸದ್ದಿಗೆ ಗೊತ್ತಾಗುತ್ತದೆ. ಹಾಗಾದರೆ ಬರಬಾರದ ಕರೆಂಟ್ ಬಂದಾಗ ಅದಕ್ಕೂ ಅವಳು ಗೊತ್ತಾಗುತ್ತಾಳೆ.

ಅವಳು ಬಾರಿಸಿದಳು. ಕುತ್ತಿಗೆಯ ಸಿಂಗಲ್ ಕಾಯಿಲ್‌ನಲ್ಲಿ, ಮೆಲ್ಲಗೆ, ಒಂದು ಬ್ಲೂಸ್. ಲೀಲಾಧರ, ನಾನು ನಿನಗೆ ಅದನ್ನು ಬರೆದು ಹೇಳಲಾರೆ. ಬೆರಳು ತಂತಿಯಿಂದ ತಂತಿಗೆ ಹೋಗುವಾಗಿನ ಸಣ್ಣ ಉಜ್ಜು ಕೂಡ ಕೇಳಿಸುತ್ತಿತ್ತು. ಮೆಲ್ಲಗೆ ಮುಟ್ಟಿದರೆ ತಿಳಿಯಾಗಿ, ಜೋರಾಗಿ ಹೊಡೆದರೆ ಗಂಟಲು ಕಟ್ಟಿದವರ ಹಾಗೆ. ಆಮೇಲೆ ಬ್ರಿಡ್ಜಿನ ಹಂಬಕರ್‌ಗೆ ತಿರುಗಿಸಿ ಆಂಪನ್ನು ಏರಿಸಿದಾಗ ಅಂಗಡಿಯಲ್ಲಿ ರಿಪೇರಿಗೆ ಬಂದ ಟಿ.ವಿ.ಗಳ ಹೊದಿಕೆಗಳು ಅದುರಿದವು. ರಸ್ತೆಯ ಆಚೆ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ನಿಂತಳು.

ನಂತರ ಆಕ್ಟಿವ್ ಸೆಟ್. ಬ್ಯಾಟರಿ ಕೂರಿಸಿ, ತಂತಿಗಳ ಅರ್ತಿಂಗ್ ವಯರನ್ನು ದೂಮಪ್ಪಣ್ಣ ನನ್ನ ಕಣ್ಣೆದುರೇ ಕತ್ತರಿಸಿದರು. ಆ ತುಂಡನ್ನು ನಾನು ಕೇಳಿ ತೆಗೆದುಕೊಂಡೆ. ಆಂಪ್ ಹಾಕಿದರು. ಏನೂ ಇಲ್ಲ. ಒಂದು ಸದ್ದೂ ಇಲ್ಲ. ಅವಳು ಕೈ ಇಟ್ಟರೂ ಅಷ್ಟೇ, ತೆಗೆದರೂ ಅಷ್ಟೇ. ನಾನು ಮೊದಲ ಸಲ ಅಂಗಡಿಯ ಒಳಗೆ ಬಂದು ನಿಂತೆ.

ಸೋನಿಯಾ ಅದೇ ಬ್ಲೂಸ್ ಬಾರಿಸಿ ಅರ್ಧದಲ್ಲಿ ನಿಲ್ಲಿಸಿದಳು.

"ಡ್ಯಾಡಿ, ಇದು ಐಸಿನ ಮೀನು."

"ಹಾಗೆಂದರೆ ಎಂತ?"

"ಕೊಳೆತಿಲ್ಲ, ವಾಸನೆ ಇಲ್ಲ, ಎಲ್ಲ ಸರಿ ಉಂಟು. ಇವತ್ತಿನದ್ದಲ್ಲ ಅಷ್ಟೇ."

ದೂಮಪ್ಪಣ್ಣ ನಕ್ಕು, "ಐಸಿನ ಮೀನು ತಿಂದು ಸತ್ತವರು ಯಾರೂ ಇಲ್ಲ ಮಗಾ" ಎಂದರು. ನನ್ನ ಪರವಾಗಿ ಅವರು ಹೇಳಿದ ಮಾತು ಅದೊಂದೇ.

ಅವಳು ಗಿಟಾರ್ ಇಳಿಸಿ ನನ್ನ ಎದುರು ಬಂದಳು. "ನೀವು ಹೇಳಿ. ಹೆದರಿಕೆಗೆ ಅಲ್ಲ, ಕಿವಿಗೆ. ನಿಮ್ಮ ಕಿವಿಗೆ ಯಾವುದು ಒಳ್ಳೆಯದು?"

ನಾನು ಎರಡನೆಯದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು. "ಆಯ್ತು ಡ್ಯಾಡಿ, ಕಾರ್ಕಳಕ್ಕೆ ಇದೇ ಇರಲಿ" ಎಂದು ಹೇಳಿ ತನ್ನ ಸೆಟ್ಟನ್ನು ಮತ್ತೆ ಅದೇ ಪೆಟ್ಟಿಗೆಗಳಿಗೆ ಹಾಕಿ, ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದಳು.

ಮನೆಗೆ ನಡೆದುಕೊಂಡು ಬರುವಾಗ ನಾನು ಅವಳಿಗೆ ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಬೇಕು, ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು ಎಂದೆಲ್ಲ ಹೇಳುತ್ತಾ ಬಂದೆ. "ಸೀರೆಗೆ ರಬ್ಬರ್ ಚಪ್ಪಲಿಯಾ?" ಎಂದಳು. ಆಮೇಲೆ, "ಉದ್ಯಾವರದ್ದು ಮಮ್ಮಿ ನನಗೆ ಹೇಳಿದ್ದಾರೆ. ನೀವೇ ಹೇಳುತ್ತೀರಿ ಅಂತ ಇಷ್ಟು ವರ್ಷ ಕಾದೆ" ಎಂದಳು. ನಾನು ಚಪ್ಪಲಿಯ ವಿಷಯವನ್ನೇ ಮತ್ತೊಮ್ಮೆ ಹೇಳಿದೆ.

ಈಸ್ಟರಿನ ಶುಭಾಶಯಗಳು ನಿಮಗೆಲ್ಲ. ದೇವರು ನಿಮ್ಮನ್ನು ಅಲ್ಲಿ ಕಾಯಲಿ, ನಮ್ಮನ್ನು ಇಲ್ಲಿ.

ನಿನ್ನ
ಸಿಲ್ವೆಸ್ಟರ್

ತಾ.ಕ. ಕತ್ತರಿಸಿದ ಆ ವಯರಿನ ತುಂಡು ಈಗ ನನ್ನ ಕಿಸೆಯಲ್ಲಿ, ಟೆಸ್ಟರಿನ ಪಕ್ಕದಲ್ಲಿ ಉಂಟು. ಇಮೆಲ್ಡಾ ಇದೆಂತ ಎಂದು ಕೇಳಿದಳು. ಹೇಳಲಿಲ್ಲ.

&nbsp;

ಕಾಪು
25 ಏಪ್ರಿಲ್ 1999

ಪ್ರೀತಿಯ ಲೀಲಾಧರ,

ಮೊದಲೇ ಹೇಳಿಬಿಡುತ್ತೇನೆ: ಸೋನಿಯಾ ಚೆನ್ನಾಗಿದ್ದಾಳೆ. ಇದನ್ನು ಓದಿಕೊಂಡು ಮುಂದಕ್ಕೆ ಹೋಗು. ಫೋನ್ ಮಾಡಬೇಕೆಂದು ಎಸ್.ಟಿ.ಡಿ. ಬೂತಿನ ತನಕ ಹೋಗಿದ್ದೆ. ಮೀಟರಿನ ಎದುರು ನಿಂತು ಇದನ್ನೆಲ್ಲ ಹೇಗೆ ಹೇಳುವುದೆಂದು ತಿಳಿಯದೆ ವಾಪಸು ಬಂದೆ. ತಡವಾದದ್ದಕ್ಕೆ ಕ್ಷಮಿಸು.

ಕಾರ್ಕಳದ ರೋಸ್ ದಿನ ನಾನು ಮಧ್ಯಾಹ್ನವೇ ಹೋಗಿದ್ದೆ. ಮೈಕ್‌ಸೆಟ್ಟಿನವನು ಹನುಮೇಶ ಎಂದು. ಬಾಗಲಕೋಟೆ ಕಡೆಯವನು, ಮೊದಲು ಕಟ್ಟಡದ ಕೆಲಸಕ್ಕೆ ಬಂದು ಈಗ ಕಾರ್ಕಳದಲ್ಲೇ ವೈರಿಂಗ್, ಜನರೇಟರ್ ಎಲ್ಲ ನೋಡಿಕೊಳ್ಳುತ್ತಾನೆ. ಆ ಮನೆಯ ಅರ್ತಿಂಗ್ ನನಗೆ ಸಾಲದೆಂದು ಕಂಡಿತು. ಅಂಗಳದ ಮೂಲೆಯಲ್ಲಿ ಹೊಸದಾಗಿ ಕಬ್ಬಿಣದ ಪೈಪ್ ಹೊಡೆಸಿದೆ. ಉಪ್ಪು ಹಾಕಿಸಿದೆ. ಬಾವಿಯಿಂದ ನೀರು ಸೇದಿ ಸೇದಿ ಅದರ ಬುಡಕ್ಕೆ ಹೊಯ್ದೆ.

"ಸರ, ಇದು ಮದುವೀನೋ ಬೋರ್‌ವೆಲ್ಲೋ?" ಎಂದ ಹನುಮೇಶ. ಆದರೆ ಪೈಪನ್ನು ಹೊಡೆದ. ನಾನು ಹೇಳಿದ್ದಕ್ಕಿಂತ ಆಳಕ್ಕೇ ಹೊಡೆದ. "ನಂಗೂ ಒಬ್ಬಾಕಿ ಮಗಳದಾಳ್ರಿ. ಹೊಡೀರಿ ಅಂದ್ರ ಹೊಡೀತೀನಿ."

ಸಂಜೆ ಮೈಕಿಗೆ ಟೆಸ್ಟರ್ ತಾಗಿಸಿದೆ, ಆಂಪಿಗೆ ತಾಗಿಸಿದೆ, ಗಿಟಾರಿನ ತಂತಿಗಳಿಗೆ ಒಂದೊಂದಾಗಿ ತಾಗಿಸಿದೆ. ಎಲ್ಲಿಯೂ ದೀಪ ಹತ್ತಲಿಲ್ಲ. ಮದುಮಗನ ಚಿಕ್ಕಪ್ಪ ಒಬ್ಬರು, "ಎಂತ ಸಿಲ್ವೆಸ್ಟರ್, ಮದುಮಗನನ್ನೂ ಒಮ್ಮೆ ಟೆಸ್ಟ್ ಮಾಡಿಬಿಡು, ಮದುಮಗಳ ಕಡೆಯವರಿಗೆ ಸಮಾಧಾನವಾಗಲಿ" ಎಂದರು. ಎಲ್ಲರೂ ನಕ್ಕರು. ಮೈಕಿಗೆ ಕೆಂಪು ಸ್ಪಂಜಿನ ಟೊಪ್ಪಿ ಹಾಕಿಸಿದೆ. ಸೋನಿಯಾ ಸೀರೆಯ ಕೆಳಗೆ ರಬ್ಬರ್ ಚಪ್ಪಲಿ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನಗೆ ಪಾದ ಎತ್ತಿ ತೋರಿಸಿದಳು.

ಮದುಮಗನನ್ನು ಕೂರಿಸಿ ತೆಂಗಿನ ಹಾಲು ಹಚ್ಚುತ್ತಿದ್ದರು. ಹಾಲು, ಎಣ್ಣೆ, ನೀರು ಎಲ್ಲ ಅಂಗಳದಲ್ಲಿ ಹರಿಯುತ್ತಿತ್ತು. ಚಿಕ್ಕಮ್ಮನೆಂದು ಇಮೆಲ್ಡಾ ಬಟ್ಟಲು ಹಿಡಿದು ಅಲ್ಲೇ ಇದ್ದಳು. ಸೋನಿಯಾ ಒಂದು ಹಾಡು ಮುಗಿಸಿದಳು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಕರೆಂಟ್ ಹೋಯಿತು.

ಹನುಮೇಶ ಮನೆಯ ಹಿಂದೆ ಹೋಗಿ ಜನರೇಟರ್ ಹಾಕಿದ. ದೀಪಗಳು ಬಂದವು. ನಾನು ಮಾಡಿದ ಪರೀಕ್ಷೆಗಳೆಲ್ಲ ಹೋದ ಕರೆಂಟಿನವು, ಬಂದ ಕರೆಂಟಿನವಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಎರಡನೆಯ ಹಾಡಿಗೆ ನಿಂತಿದ್ದಳು. ಜನರೇಟರಿನ ವಯರಿಗೆ ನನ್ನ ಪೈಪಿನ ಸಂಬಂಧವೇ ಇರಲಿಲ್ಲ. ಹೇಳಬೇಕೆಂದು ಸ್ಟೇಜಿನ ಹತ್ತಿರ ಓಡಿದೆ. ಸ್ವಿಚ್ಚುಗಳ ಬೋರ್ಡಿನ ಪಕ್ಕಕ್ಕೆ ತಲುಪಿದ್ದೆ.

ಎರಡನೆಯದು ಬ್ಲೂಸ್. ಸ್ವರದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅವಳು ಮುಖ ಸಣ್ಣ ಮಾಡಿದ್ದು ನನಗೆ ಕಂಡಿತು. ಆ ಐಸಿನ ಮೀನಿಗೆ ಸ್ವಲ್ಪ ಬಿಸಿ ಕೊಡಲೆಂದು, ಎಡಗೈಯಲ್ಲಿ ಮೈಕಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸುತ್ತಾ, ಬಲಗೈಯನ್ನು ಹಿಂದೆ ಚಾಚಿ ಆಂಪಿನ ತಿರುಪಿಗೆ ಹಾಕಿದಳು. ತಂತಿ ಮುಟ್ಟಿರಲಿಲ್ಲ. ಗಿಟಾರ್ ಬರೀ ಕೊರಳಿನಲ್ಲಿ ನೇತಾಡುತ್ತಿತ್ತು. ಕರೆಂಟು ಆಂಪಿನ ತಗಡಿನಿಂದ ಸ್ಟ್ಯಾಂಡಿಗೆ ಅವಳ ಮೈಯಲ್ಲಿ ಹಾದುಹೋಯಿತು. ಆ ದಾರಿಯನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳ ಇಷ್ಟದ ಪಿಕಪ್ ಇದ್ದಿದ್ದರೆ ಅವಳು ಆ ತಿರುಪನ್ನು ಮುಟ್ಟುತ್ತಿರಲಿಲ್ಲ. ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಹಾಗೆಯೇ ಕಾಣುತ್ತದೆ.

ಇಮೆಲ್ಡಾ ಬಟ್ಟಲು ಬಿಟ್ಟಳು. ಪಕ್ಕದಲ್ಲಿ ಕುಳಿತಿದ್ದ ಯಾರನ್ನೋ ಎಬ್ಬಿಸಿ, ಆ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಬೀಸಿದಳು. ಸ್ಟ್ಯಾಂಡ್ ಬಿತ್ತು, ಸೋನಿಯಾ ಬಿದ್ದಳು. ಮೇನ್ ಸ್ವಿಚ್ ಕೂಡ ಆರಿತು. ಕತ್ತಲಲ್ಲಿ ಇಮೆಲ್ಡಾ, "ಸೋನಿ, ಮಾತಾಡು" ಎಂದು ಹೇಳುತ್ತಿದ್ದದ್ದೊಂದೇ ಕೇಳುತ್ತಿತ್ತು. ಆಮೇಲೆ ಸೋನಿಯಾಳ ದನಿ ಬಂತು: "ಗಿಟಾರ್ ಒಡೆಯಿತಾ ಮಮ್ಮಿ?"

ಕಾರ್ಕಳದಲ್ಲೇ ಡಾಕ್ಟರಿಗೆ ತೋರಿಸಿದೆವು. ಹೃದಯ ಸರಿ ಉಂಟು. ಬಲಗೈಯ ಎರಡು ಬೆರಳುಗಳಲ್ಲಿ ಸುಟ್ಟ ಗುರುತು, ಅಷ್ಟೇ. ತಂತಿ ಒತ್ತುವ ಕೈ ಅಲ್ಲ ಎಂದು ಅವಳೇ ನಮಗೆ ಸಮಾಧಾನ ಹೇಳಿದಳು. ಮರುದಿನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳೇ.

ಇನ್ನು ಗಿಟಾರ್ ಮುಟ್ಟುವುದಿಲ್ಲ ಎಂದು ಅವಳು ಹೇಳಬಹುದೆಂದು ನಾನು ಕಾದೆ. ಹೇಳಲಿ ಎಂದು ಆಸೆಪಟ್ಟೆ ಎನ್ನುವುದೇ ಸರಿ. ಅವಳು ಹೇಳಿದ್ದು ಬೇರೆ. "ಡ್ಯಾಡಿ, ಇನ್ನು ಮೇಲೆ ಕರೆಂಟ್ ಬದಲಾದರೆ ಮತ್ತೊಮ್ಮೆ ಟೆಸ್ಟ್ ಮಾಡುವ. ಆಂಪನ್ನು ದೂಮಪ್ಪಣ್ಣನಿಗೆ ಕೊಟ್ಟು ರಿಪೇರಿ ಮಾಡಿಸುವ. ಮತ್ತೆ ನನ್ನ ಪಿಕಪ್ ಹಾಕುವ." ಮೂರೂ ಸರಿಯಾದ ಮಾತುಗಳೇ. ನಿನ್ನೆ ದೂಮಪ್ಪಣ್ಣ ಆಂಪಿನ ಹಳೆಯ ಟ್ರಾನ್ಸ್‌ಫಾರ್ಮರ್ ತೆಗೆದು ಹೊಸದು ಹಾಕಿದರು. ಅವಳ ಸೆಟ್ಟನ್ನೂ ಹಾಕಿದರು. ತಂತಿಗೆ ಅರ್ತಿಂಗ್ ವಯರ್ ಬೇಕೆಂದಾಗ ನಾನು ಕಿಸೆಯಿಂದ ಆ ತುಂಡನ್ನು ತೆಗೆದುಕೊಟ್ಟೆ. ಈ ಸಲ ಅವರು ತಮಾಷೆ ಮಾಡಲಿಲ್ಲ. ಆಕ್ಟಿವ್ ಸೆಟ್ಟನ್ನು ಹಾಗೆಯೇ ಇಟ್ಟಿದ್ದೇನೆ. ಅಲ್ಲಿ ಯಾರಿಗಾದರೂ ಬೇಕಾದರೆ ಹೇಳು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಓದಲಿ, ಆಡಲಿ, ಅವರಿಗೆ ಬೇಕಾದ್ದನ್ನು ಬಾರಿಸಲಿ. ದೇವರು ನಿನ್ನ ಕೈಗಳನ್ನು ಯಾವಾಗಲೂ ಗಟ್ಟಿಯಾಗಿ ಇಡಲಿ.

ನಿನ್ನ
ಸಿಲ್ವೆಸ್ಟರ್

ತಾ.ಕ. ಲಕೋಟೆ ಅಂಟಿಸಿ ಆಗಿತ್ತು. ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ.

ಮೇನ್ ಆರಿಸಿದ್ದು ಡ್ಯಾಡಿ ಎಂದು ಸೋನಿಯಾ ಎಲ್ಲರಿಗೂ ಹೇಳುತ್ತಿದ್ದಾಳೆ. ಬೋರ್ಡಿನ ಪಕ್ಕದಲ್ಲಿ ಇದ್ದವನು ನಾನೇ ಅಲ್ಲವೇ? ಇವತ್ತು ಇಗರ್ಜಿಯ ಮೆಟ್ಟಿಲಿನಲ್ಲಿ ಇಬ್ಬರು ನನ್ನ ಕೈ ಕುಲುಕಿದರು. ಆರಿಸಿದ್ದು ಹನುಮೇಶ. ಜನರೇಟರಿನ ಕಡೆಯಿಂದ ಓಡಿ ಬಂದು, ನನ್ನ ಹೆಗಲಿನ ಮೇಲಿಂದ ಕೈ ಚಾಚಿ ಆರಿಸಿದ. ಇಮೆಲ್ಡಾಳ ಕುರ್ಚಿ ಅದಕ್ಕಿಂತ ಮೊದಲೇ ಬಿದ್ದಿತ್ತು.

ಸ್ವಿಚ್ ನನ್ನ ಮೊಣಕೈಯ ಹತ್ತಿರವೇ ಇತ್ತು. ಅದರ ಹಿಡಿ ಪ್ಲಾಸ್ಟಿಕ್ಕಿನದ್ದು, ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಸೋನಿಯಾಳ ಮುಖ ಕಾಣುತ್ತಿತ್ತು. ನನ್ನ ಎರಡೂ ಕೈಗಳು ಹಿಂದಕ್ಕೆ ಹೋದವು. ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಉದ್ಯಾವರದಲ್ಲಿ ಕೈ ಬಿಡಲು ಕೇಳಲಿಲ್ಲ, ಕಾರ್ಕಳದಲ್ಲಿ ಮುಟ್ಟಲು ಕೇಳಲಿಲ್ಲ. ಇಷ್ಟು ವರ್ಷ ಹೆದರಿದ್ದು ಮಗಳಿಗಾಗಿ ಎಂದೇ ನಾನು ತಿಳಿದಿದ್ದೆ.

ಹನುಮೇಶನಿಗೆ ಗೊತ್ತು. ಹೊರಡುವಾಗ ನನ್ನ ಹತ್ತಿರ ಬಂದು, "ಹಿಂಗ ಆಕ್ಕೈತ್ರಿ ಸರ" ಎಂದಷ್ಟೇ ಹೇಳಿದ. ಇಮೆಲ್ಡಾಳಿಗೂ ಗೊತ್ತು. ಕುರ್ಚಿ ಎತ್ತುವ ಮೊದಲು ಅವಳು ನನ್ನ ಕಡೆ ನೋಡಿದ್ದಳು. ಅಂಗಿ ಒಗೆಯುವಾಗ ಟೆಸ್ಟರನ್ನು ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಅದೇ ಕಿಸೆಗೆ ಹಾಕಿಡುತ್ತಾಳೆ.

ನೀನು ಡ್ರಮ್ಮಿನ ಮೇಲಿಂದ ಹಾರಿ ಬಂದಾಗ, ವಯರ್ ಹಿಡಿಯುವ ಮೊದಲು, ನಿನಗೂ ಹೆದರಿಕೆ ಆಗಿತ್ತೇ? ಆಗಿದ್ದರೆ ಬರೆ. ನನ್ನ ಸಮಾಧಾನಕ್ಕೆಂದು ಬರೆಯಬೇಡ, ಆಗಿದ್ದರೆ ಮಾತ್ರ.

ಸೋನಿಯಾ ಗಿಟಾರನ್ನು ಕುರ್ಚಿಗೆ ಒರಗಿಸಿ, ಆಂಪ್ ಆರಿಸದೆ ಕೋಯರ್ ಪ್ರಾಕ್ಟೀಸಿಗೆ ಹೋಗಿದ್ದಾಳೆ. ಒಳಗಿನ ಕೋಣೆಯಲ್ಲಿ ಅದು ಗುಂಯ್ ಎನ್ನುತ್ತಲೇ ಉಂಟು. ತಂತಿಗೆ ಒಂದು ಕೈ ಇಟ್ಟರೆ ನಿಲ್ಲುತ್ತದೆ. ನಾನು ಬಾಗಿಲಿನ ತನಕ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ.